ಹೊಳಪಿಲ್ಲದ ಜಡೆ ಬ್ರೆಡ್

ಚಳಿ ಗಟ್ಟಿಯಾಗಿದ್ದ ಕಾಲ. ಬಿಸಿಲು ಎದುರುಮನೆಯ ತಾರಸಿಯ ಮೇಲೇ ಇತ್ತು, ನಮ್ಮ ಕಡೆಗೆ ಇನ್ನೂ ಇಳಿದಿರಲಿಲ್ಲ. ಪೇಪರಿನವನು ಆಗಷ್ಟೇ ಪೇಪರ್ ಎಸೆದು ಹೋಗಿದ್ದ. ಭಾನುವಾರ. ಆ ಹೊತ್ತಿಗೇ ನನ್ನ ಮಗಳು ಅಡುಗೆಮನೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಬಾಣಲೆ ಉಜ್ಜುತ್ತಿದ್ದಳು.

ಅದು ಅವಳ ಮದುವೆಗೆ ನಾನು ಕೊಟ್ಟ ಬಾಣಲೆ. ತೊಳೆದಾಗಲೆಲ್ಲ ಒಂದು ಚೂರು ಕೊಬ್ಬು ಸವರಿ, ಕಾಯಿಸಿ ಇಟ್ಟು ಇಟ್ಟು ಕನ್ನಡಿಯಂತೆ ಕಪ್ಪಗೆ ಮಿರುಗುತ್ತಿತ್ತು. ಏನು ಹಾಕಿದರೂ ತಳ ಹಿಡಿಯುತ್ತಿರಲಿಲ್ಲ. ಅದನ್ನವಳು ತಂತಿನಾರು ಹಿಡಿದು ಚರ್ಮ ಸುಲಿದ ಹಾಗೆ ಸುಲಿಯುತ್ತಿದ್ದಳು.

"ಬಿಡೇ, ಬಾಣಲೆ ಏನು ಪಾಪ ಮಾಡಿತ್ತು?" ಎಂದೆ.

"ಇದರೊಳಗೆ ಕೊಬ್ಬು ಇಳಿದಿದೆ ಅಮ್ಮ. ಅವಳಿಗೆ ಗೊತ್ತಾಗುತ್ತೆ."

"ಗೊತ್ತಾಗೋಕೆ ಅವಳೇನು ಬಾಣಲೆ ನೆಕ್ತಾಳಾ?"

ಮಗಳ ಕೈ ಇನ್ನೂ ಜೋರಾಗಿ ಆಡಿತು.

ಅವಳು ಅಂದರೆ ನನ್ನ ಮೊಮ್ಮಗಳು. ನಮ್ಮ ಮನೆಯ ಕೆಳಗೇ ಅಳಿಯನ ಬೇಕರಿ, ಮೇಲೆ ನಾವು. ಕೂಸಾಗಿದ್ದಾಗ ಚಳಿಗಾಲದಲ್ಲಿ ಅವಳ ಬುಟ್ಟಿಯನ್ನು ಭಟ್ಟಿಯ ಪಕ್ಕ, ಉಬ್ಬಲು ಇಟ್ಟ ಹಿಟ್ಟಿನ ಜೊತೆಯಲ್ಲೇ ಇಡುತ್ತಿದ್ದರು. ಅದನ್ನು ನೋಡಿ ನನ್ನ ಅಳಿಯ ಅವಳನ್ನು ಬನ್ನು ಎಂದು ಕರೆದ. ಅದೇ ನಿಂತಿತು. ಬನ್ನು ಈಗ ಊರಿನ ಆ ತುದಿಯಲ್ಲಿ ಸಸಿ ಬೆಳೆಸಿ ಮಾರುವ ತೋಟವೊಂದರಲ್ಲಿ ಕೆಲಸಕ್ಕಿದ್ದಾಳೆ, ಅಲ್ಲೇ ಗೆಳತಿಯ ಜೊತೆ ಕೋಣೆ ಮಾಡಿಕೊಂಡಿದ್ದಾಳೆ. ಬಸ್ಸು ಹತ್ತಿದರೆ ಎಷ್ಟೊತ್ತಿನ ದಾರಿ? ಆದರೂ ಎರಡು ವರ್ಷ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಕಾರಣ ಒಂದು ತಟ್ಟೆ ಆಲೂಗಡ್ಡೆ.

ವರ್ಷದ ಕೊನೆಯ ರಜೆಗೆ ನಮ್ಮಲ್ಲಿ ಎಲ್ಲರೂ ಕೂತು ದೊಡ್ಡ ಊಟ ಮಾಡುವುದು ಮೊದಲಿನಿಂದ ಬಂದದ್ದು. ಆ ವರ್ಷ ಹುಡುಗಿ, ತಾನು ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ತಿನ್ನುವುದಿಲ್ಲ, ಗಿಡದಿಂದ ಬಂದದ್ದಷ್ಟೇ ಸಾಕು ಎಂದಳು. ಮೇಜಿನ ಮೂಲೆಯಲ್ಲಿ ಅವಳಿಗೆ ಬೇರೆ ತಟ್ಟೆ ಇಟ್ಟರು. ಹುರಿದ ಆಲೂಗಡ್ಡೆ. ಅವಳು ಅರ್ಧ ತಿಂದ ಮೇಲೆ ಅಳಿಯನ ಅಕ್ಕ ನಗು ತಡೆಯಲಾರದೆ ಹೇಳಿಬಿಟ್ಟಳು: "ಕೊಬ್ಬಲ್ಲಿ ಹುರಿದಿದ್ದು ಕಣೇ. ತಿಂದೆಯಲ್ಲ ಈಗ, ಸತ್ತೆಯಾ?" ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಹುಡುಗಿ ಚಮಚ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು.

ಈ ವರ್ಷ ನನ್ನ ಮಗಳು ಫೋನಿನಲ್ಲಿ ಗೋಗರೆದು ಗೋಗರೆದು ಒಪ್ಪಿಸಿದ್ದಳು. ಬನ್ನು ಹೇಳಿದ್ದು ಇಷ್ಟೇ: "ನನಗೆ ಮೂಲೆ ತಟ್ಟೆ ಬೇಡ ಅಮ್ಮ. ಮೇಜಿನ ಮೇಲೆ ಇರೋದೆಲ್ಲ ನಾನು ಕೇಳದೆ ತಿನ್ನೋ ಹಾಗಿದ್ರೆ ಬರ್ತೀನಿ. ಇಲ್ಲಾಂದ್ರೆ ಇನ್ನು ಕರೀಬೇಡ." ಮಗಳು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಮಂಗಳವಾರದ ರಜೆ ಊಟ ಕೆಟ್ಟರೆ ಬನ್ನು ಹೋದಳು, ಅಷ್ಟೇ.

ಆ ಗಂಟು ಹೊತ್ತು ಅವಳು ಪಟ್ಟ ಪಾಡು ಹೇಳತೀರದು. ಸೋಮವಾರ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು. ಪ್ರತಿ ಪೊಟ್ಟಣ ತೆಗೆದು, ಹಿಂದೆ ತಿರುಗಿಸಿ, ಕೈ ನೀಡುವಷ್ಟು ದೂರ ಹಿಡಿದು ಓದುವಳು. ಇರುವೆ ಗಾತ್ರದ ಅಕ್ಷರ. ಬಿಸ್ಕತ್ತಿನಲ್ಲಿ ಹಾಲಿನ ಪುಡಿ. ಸೂಪಿನ ಪುಡಿಯಲ್ಲಿ ಕೋಳಿ. ಹುರಿದ ಕಡಲೆಬೀಜದ ಪೊಟ್ಟಣದಲ್ಲೂ ಏನೋ ಹಾಲಿನದು.

"ಕಡಲೆಬೀಜಕ್ಕೆ ಹಾಲು ಯಾಕೆ ಹಾಕ್ತಾರಮ್ಮ ಇವರು? ಅದೇನು ಎಳೆಮಗುವಾ?" ಎಂದು ಅಂಗಡಿಯವನಿಗೇ ಕೇಳಿಸುವಂತೆ ಅಂದು, ಎಲ್ಲ ವಾಪಸ್ ಇಟ್ಟು, ಬರೀ ತರಕಾರಿ, ಕಾಳು, ಎಣ್ಣೆ ತಂದಳು.

ತಂದದ್ದೂ ಕೈಗೆ ಹತ್ತಲಿಲ್ಲ. ಕಡಲೆಬೀಜ ನೆನೆಸಿ ರುಬ್ಬಿ ಕೆನೆಯಂತೆ ಮಾಡಲು ಹೋದರೆ, ಬಿಸಿಗಿಟ್ಟ ಕೂಡಲೇ ಒಡೆದು ನೀರು ಒಂದು ಕಡೆ, ಗಸಿ ಒಂದು ಕಡೆ. ಮತ್ತೆ ರುಬ್ಬಿದಳು, ಮತ್ತೆ ಒಡೆಯಿತು. ಉಜ್ಜಿದ ಬಾಣಲೆಗೆ ಈರುಳ್ಳಿ ಹಾಕಿದರೆ ಅಂಟಿಕೊಂಡು ಸೀದಿತು. ಅದನ್ನು ಕೆರೆದು ಕೆರೆದು ಸಾಕಾಗಿ ನೀರು ತುಂಬಿ ಹಿತ್ತಿಲಿಗೆ ಹಾಕಿದಳು. ನಾನು ಮೂಲೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದೆ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿ ಕೈ ಆಡಿಸುವುದೇ ಮೇಲು ಎಂದು ನನಗೆ ಗೊತ್ತು.

ಅಳಿಯ ಮಾತು ಕಮ್ಮಿಯವನು. "ಬ್ರೆಡ್ ನಾನು ಮಾಡ್ತೀನಿ" ಎಂದಿದ್ದ, ಅಷ್ಟೇ. ಮಗಳಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಆದರೆ ನಾನು ಭಟ್ಟಿಯ ಪಕ್ಕ ಕೂತು ನೋಡುತ್ತಿದ್ದೆ. ವಾರದಿಂದ ಅವನು ಅಂಗಡಿ ಮುಚ್ಚಿದ ಮೇಲೆ ಹಾಲಿಲ್ಲದೆ, ಬೆಣ್ಣೆಯಿಲ್ಲದೆ, ಮೊಟ್ಟೆಯಿಲ್ಲದೆ ಜಡೆ ಬ್ರೆಡ್ ಮಾಡಿ ಕೆಡಿಸಿ, ಕೆಡಿಸಿ ಮಾಡುತ್ತಿದ್ದ. ಹಿಟ್ಟನ್ನು ಮೂರು ಎಳೆ ಮಾಡಿ ಹೆಣೆದು ಬೇಯಿಸುವ ಬ್ರೆಡ್ಡು ಅದು, ರಜೆ ಊಟಕ್ಕೆ ಅವನ ಕೈಯ ಗುರುತು. ಮೊದಲ ಸಲದ್ದು ಕಲ್ಲಾಯಿತು. ಹಿತ್ತಿಲಿಗೆ ಎಸೆದರೆ ಪಾರಿವಾಳಗಳೂ ಒಂದು ಕುಕ್ಕು ಕುಕ್ಕಿ ಹಾರಿಹೋದವು. ಕೊನೆಗೆ ಬೇಯಿಸಿದ ಆಲೂಗಡ್ಡೆಯನ್ನು ಅದೇ ನೀರಿನಲ್ಲಿ ಕಿವುಚಿ, ಎಣ್ಣೆಯ ಜೊತೆ ಹಿಟ್ಟಿಗೆ ಹಾಕಿ ನಾದಿದಾಗ ಹತ್ತಿಯ ಹಾಗೆ ಬಂತು. ಒಂದು ಚೂರು ತಂದು ನನ್ನ ಕೈಗಿಟ್ಟ.

"ಹೇಗಿದೆ ಅತ್ತೆ?"

"ಹಲ್ಲಿಲ್ಲದವಳ ಬಾಯಿಗೂ ನಡೀತಪ್ಪ."

ಮುಖ ಅರಳಿತು, ತಕ್ಷಣ ಮುಚ್ಚಿಕೊಂಡಿತು. "ಯಾರಿಗೂ ಹೇಳಬೇಡಿ. ಊಟದ ದಿನ ಬರಲಿ." ಆಲೂಗಡ್ಡೆಗೇ ಹೋದದ್ದನ್ನು ಆಲೂಗಡ್ಡೆಯಲ್ಲೇ ತರುತ್ತೇನೆ ಎಂದುಕೊಂಡಿದ್ದನೋ ಏನೋ. ಅವನು ಹೇಳುವವನಲ್ಲ, ನಾನು ಕೇಳುವವಳಲ್ಲ.

ಮಂಗಳವಾರ ಬಂತು. ಆ ದಿನ ಬೆಳಿಗ್ಗೆ ಬೇಕರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಇಡೀ ಬೀದಿಗೆ ಅವನದೇ ಜಡೆ ಬ್ರೆಡ್. ಎಲ್ಲರದನ್ನೂ ಬೇಯಿಸಿ ಕೊಟ್ಟು, ಕಟ್ಟಕಡೆಗೆ ನಮ್ಮದನ್ನು ಭಟ್ಟಿಗೆ ಹಾಕಿದ.

ಅಳಿಯನ ಅಕ್ಕ ಮೊದಲು ಬಂದಳು. ಹೊಲಿಗೆ ಅಂಗಡಿ ಇಟ್ಟವಳು, ಬೀದಿಗೆಲ್ಲ ದರ್ಜಿಯಕ್ಕ. ಕೈಯಲ್ಲಿ ಮುಚ್ಚಿದ ಡಬ್ಬ.

"ಏನು ಅತ್ತಿಗೆ ಅದು?" ಮಗಳು ಬಾಗಿಲಲ್ಲೇ ತಡೆದಳು.

"ಬೆಣ್ಣೆ ಕೇಕು. ಪ್ರತಿ ವರ್ಷ ತರಲ್ವಾ?"

"ಫೋನಲ್ಲಿ ಹೇಳಿದ್ದೆನಲ್ಲ."

"ಹೇಳಿದ್ದೆ. ಕೇಳಿಸ್ಕೊಂಡೆ. ಒಪ್ಪಿದೆ ಅಂದೆನಾ?"

"ಮೇಜಿನ ಮೇಲೆ ಇಡೋ ಹಾಗಿಲ್ಲ."

"ಇಡಲ್ಲಮ್ಮ. ತೊಡೆ ಮೇಲೆ ಇಟ್ಕೋತೀನಿ. ತೊಡೆ ನಂದು." ಹೇಳಿದಂತೆಯೇ ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುರ್ಚಿ ಹಿಡಿದು ಕೂತಳು.

ಆಮೇಲೆ ಬನ್ನು ಬಂದಳು. ಕಂಕುಳಲ್ಲಿ ಒಂದು ಸಣ್ಣ ಕುಂಡ, ಅದರಲ್ಲಿ ಪುದೀನ. ಉಗುರಿನ ಸಂದಿಯಲ್ಲಿ ಮಣ್ಣು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ನನ್ನನ್ನು ತಬ್ಬಿಕೊಂಡಾಗ ಗೊಬ್ಬರದ ವಾಸನೆ ಬಂತು, ಒಳ್ಳೆಯ ವಾಸನೆ.

"ಇವತ್ತು ಉಳ್ಕೋತೀಯ ತಾನೇ?" ಎಂದಳು ಅವಳ ಅಮ್ಮ.

"ಸಂಜೆ ಬಸ್ಸಿಗೆ ಹೋಗ್ತೀನಮ್ಮ. ನೋಡೋಣ."

ಆ 'ನೋಡೋಣ' ಎಂಬುದನ್ನು ಮಗಳು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು.

ಮೇಜಿನ ಮೇಲೆ ಏನೇನು ಬಂತು, ಯಾವ ಸ್ಥಿತಿಯಲ್ಲಿ ಬಂತು ಎಂದು ಹೇಳಿದರೆ ಮಗಳಿಗೆ ಬೇಸರ. ಒಳಗೆ ಅನ್ನ, ಕಾಳು ತುಂಬಿ ಇಡಿಯಾಗಿ ಬೇಯಿಸಿದ ಕುಂಬಳಕಾಯಿ ತಟ್ಟೆಗೆ ಇಳಿಸುವಾಗ ಒಂದು ಮಗ್ಗುಲು ಕುಸಿಯಿತು. ಬುಟ್ಟಿಗಟ್ಟಲೆ ತಂದ ಅಣಬೆ ಬೆಂದು ಬೊಗಸೆಯಷ್ಟಾಗಿತ್ತು. ಒಡೆದ ಕೆನೆಯನ್ನು ಸಾರಿಗೆ ಬೆರೆಸಿ ಮರೆಮಾಡಿದ್ದಳು. ದರ್ಜಿಯಕ್ಕ ಕುಂಬಳಕಾಯಿಯನ್ನೂ ಮಗಳ ಮಸಿ ಹತ್ತಿದ ಕೈಯನ್ನೂ ನೋಡಿ ಹೇಳಿದಳು: "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಈ ಮನೇಲಿ ಕೆಸರು ಬೇಕಾದಷ್ಟಿದೆ. ಮೊಸರಿಗೇ ನಿಷೇಧ."

ಬನ್ನು ನಕ್ಕಳು. ನಿಜವಾಗಿಯೇ ನಕ್ಕಳು. ನಮಗೆಲ್ಲ ಜೀವ ಬಂತು.

ಆಗ ಅಳಿಯ ಕೆಳಗಿನಿಂದ ಹಲಗೆಯ ಮೇಲೆ ಬ್ರೆಡ್ ಹೊತ್ತು ಬಂದ. ಬಟ್ಟೆ ಮುಚ್ಚಿತ್ತು. ಮೇಜಿನ ನಡುವೆ ಇಟ್ಟು ಬಟ್ಟೆ ತೆಗೆದ.

ತೋಳುದ್ದದ ಜಡೆ. ಎಣ್ಣೆ ಕುಡಿದ ತೇಗದ ಮರದ ಬಣ್ಣ. ಕಿಟಕಿಯ ಬೆಳಕು ಅದರ ಒಂದೊಂದು ಎಳೆಯ ಮೇಲೂ ಜಾರುತ್ತಿತ್ತು.

"ಅಪ್ಪ," ಎಂದಳು ಬನ್ನು, ಬಗ್ಗಿ ನೋಡುತ್ತ. ಆ ದನಿಯಲ್ಲಿ ಎರಡು ವರ್ಷದ ಬಿಗಿ ಇರಲಿಲ್ಲ. "ಇದೆಲ್ಲ ನಾನು ತಿನ್ನೋ ಹಾಗೆ ಮಾಡಿದ್ದಾ? ಇಷ್ಟು ಹೊಳಪು ಹೇಗೆ ತಂದೆ? ಏನು ಬಳಿದೆ?"

ಅಳಿಯ ಬ್ರೆಡ್ಡನ್ನೇ ನೋಡುತ್ತಿದ್ದ. ಬಲಗೈ ಹೆಬ್ಬೆರಳು ತೋರುಬೆರಳಿಗೆ ತಿಕ್ಕಿ ತಿಕ್ಕಿ ನೋಡುತ್ತಿದ್ದ, ಅಲ್ಲಿ ಏನೋ ಅಂಟಿಕೊಂಡಿದೆಯೇ ಎಂಬಂತೆ. ನನಗೆ ಅರ್ಥವಾಯಿತು. ಬೇಕರಿಯವರ ಮನೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಅಷ್ಟೂ ಅರ್ಥವಾಗದೆ ಇರುತ್ತದೆಯೇ? ಭಟ್ಟಿಗೆ ಹಾಕುವ ಮುಂಚೆ ಜಡೆ ಬ್ರೆಡ್ಡಿನ ಮೇಲೆ ಕಲಕಿದ ಮೊಟ್ಟೆ ಬಳಿಯುತ್ತಾರೆ. ಆ ಹೊಳಪು ಅದರದು. ಬೆಳಗಿನಿಂದ ಬೀದಿಯವರ ಬ್ರೆಡ್ಡಿಗೆಲ್ಲ ಬಳಿದ ಕೈ, ಕೊನೆಯದಕ್ಕೂ ಬಳಿದುಬಿಟ್ಟಿತ್ತು.

ಅವತ್ತು ನಮ್ಮ ಮನೆಯಲ್ಲಿ ತುಪ್ಪದ ಹೆಸರೆತ್ತುವಂತಿರಲಿಲ್ಲ. ಆದರೂ ಅಳಿಯನ ಬಾಯಲ್ಲಿದ್ದದ್ದು ಬಿಸಿ ತುಪ್ಪವೇ, ನುಂಗುವಂತಿಲ್ಲ, ಉಗುಳುವಂತಿಲ್ಲ.

ನನ್ನ ಮಗಳಿಗೂ ಗೊತ್ತಾಯಿತು. ಗಂಡನ ಮುಖ ಒಮ್ಮೆ ನೋಡಿದಳು, ಬ್ರೆಡ್ ಒಮ್ಮೆ. ಮರುಕ್ಷಣ, "ಸಕ್ಕರೆ ನೀರು ಬಳಿದಿದ್ದಾರೆ. ಬಿಸಿ ಆರೋ ಮುಂಚೆ ಮುರಿ, ತಿನ್ನು" ಎಂದಳು.

ಬನ್ನು ಒಂದು ತುದಿ ಮುರಿದಳು. ಒಳಗಿನಿಂದ ಹಬೆ ಎದ್ದಿತು. ಕೈ ಬಾಯಿಯ ಹತ್ತಿರ ಹೋಗಿತ್ತು.

"ಸಕ್ಕರೆ ನೀರಲ್ಲ," ಎಂದ ಅಳಿಯ. "ಮೊಟ್ಟೆ."

ಕೈ ಅಲ್ಲೇ ನಿಂತಿತು.

"ಬೇಕಂತಲೇ ಹಾಕಿದ್ದಾ?"

"ಇಲ್ಲ."

"ಮತ್ತೆ?"

"ಕೈ ಹೋಯ್ತು. ನೆನಪೇ ಇಲ್ಲ."

"ನೆನಪೇ ಇಲ್ಲ," ಬನ್ನು ಅದನ್ನೇ ತಿರುಗಿ ಹೇಳಿದಳು. ಮುರಿದ ತುಂಡನ್ನು ಅದರ ಜಾಗಕ್ಕೇ ಸರಿಯಾಗಿ ಜೋಡಿಸಿ ಇಟ್ಟಳು. "ಹೋದ ಸಲ ಎಲ್ಲರಿಗೂ ನೆನಪಿತ್ತು. ಈ ಸಲ ಯಾರಿಗೂ ನೆನಪಿಲ್ಲ. ಚೆನ್ನಾಗಿದೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ," ಎಂದಳು ದರ್ಜಿಯಕ್ಕ. "ಮೇಲಿಂದ ಒಂಚೂರು ಹೆರೆದು ತಿಂದ್ರಾಯ್ತಪ್ಪ. ಅದಕ್ಕೇನು ಇಷ್ಟು."

ನನ್ನ ಮಗಳು ಅತ್ತಿಗೆಯ ಕಡೆ ನೋಡಲಿಲ್ಲ. ಗಂಡನ ಮೇಲೆ ತಿರುಗಿದಳು. ಮೂರು ದಿನದ ಮಸಿ, ಹೊಗೆ, ಒಡೆದ ಕೆನೆ ಎಲ್ಲ ಒಂದೇ ಸಲ ಬಾಯಿಗೆ ಬಂತು. "ಒಂದು ನಿಮಿಷ ಸುಮ್ಮನಿದ್ದಿದ್ರೆ ಏನಾಗ್ತಿತ್ತು ನಿಮಗೆ? ತಿನ್ನೋಳು ತಿಂತಿದ್ದಳು. ಉಳ್ಕೊಳ್ತಿದ್ದಳು. ಜನ್ಮದಲ್ಲಿ ಬಾಯಿ ಬಿಡದವರು ಇವತ್ತೇ ಬಿಡಬೇಕಿತ್ತಾ?"

ಬನ್ನು ಚೀಲ ತೆಗೆದುಕೊಂಡಿದ್ದಳು. ಆ ಮಾತು ಕೇಳಿ ನಿಂತಳು. "ಅಮ್ಮ, ನಿನಗೆ ಗೊತ್ತಿತ್ತಾ?"

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಹುಡುಗಿ ಬಾಗಿಲವರೆಗೆ ಹೋದಳು. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳಲು ತೊಡಗಿದಳು. ಒಂದು ಹಾಕಿದಳು. ಇನ್ನೊಂದು ಕೈಯಲ್ಲೇ ಇತ್ತು. ಅಳಿಯ ಅವಳನ್ನು ದಾಟಿಕೊಂಡು ಎರಡು ಮೆಟ್ಟಿಲು ಇಳಿದು, ತಿರುಗಿ ನಿಂತ.

"ಭಟ್ಟಿ ಇನ್ನೂ ಬಿಸಿ ಇದೆ. ಇನ್ನೊಂದು ಮಾಡ್ತೀನಿ."

"ಯಾರು ನಂಬೋರು?"

"ನಂಬಬೇಡ. ಬಂದು ಪಕ್ಕದಲ್ಲಿ ನಿಂತ್ಕೋ. ನನ್ನ ಕೈ ಕಾಯಿ."

ಅವಳು ಇಳಿದಳು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ. ಮಗಳು ನನ್ನ ಭುಜ ಹಿಡಿದು ಎಬ್ಬಿಸಿದಳು. "ಅಮ್ಮ, ನೀನೂ ಹೋಗಿ ಕೂತ್ಕೋ. ಕೆಳಗೆ ಚೂರಿಗಳಿವೆ."

ನಾನು ಹೋಗಿ ಭಟ್ಟಿಯ ಪಕ್ಕದ ಮಣೆಯ ಮೇಲೆ ಕೂತೆ. ಚಳಿಗಾಲದಲ್ಲಿ ಅದು ಹೇಗಿದ್ದರೂ ನನ್ನ ಜಾಗ.

ಅವನು ಆಲೂಗಡ್ಡೆ ಬೇಯಿಸಿದ. ಅವಳು ಕೈಕಟ್ಟಿ ನೋಡಿದಳು. ಅವನು ಎಣ್ಣೆಯ ಡಬ್ಬಿ ತೆಗೆದರೆ ಅವಳು ಇಸಿದುಕೊಂಡು ಮೂಸಿ ನೋಡಿ ವಾಪಸ್ ಕೊಟ್ಟಳು. ಕಳ್ಳನನ್ನು ಪೊಲೀಸು ಕಾಯುವ ಹಾಗೆ ಕಾದಳು. ಅವನು ಕಿವುಚಿದ, ಬೆರೆಸಿದ, ನಾದಿದ. ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಉಬ್ಬಲು ಇಟ್ಟಾಗ ಇಬ್ಬರಿಗೂ ಮಾಡಲು ಏನೂ ಉಳಿಯಲಿಲ್ಲ. ಹಿಟ್ಟು ಯಾರ ಆತುರಕ್ಕೂ ಉಬ್ಬುವುದಿಲ್ಲ. ಮೇಲೆ ಕುರ್ಚಿ ಸರಿದ ಸದ್ದು, ದರ್ಜಿಯಕ್ಕನ ಗೊಣಗು, ಪಾತ್ರೆ ಮತ್ತೆ ಒಲೆ ಹತ್ತುವ ಸದ್ದು. ಕಾಳು ಎರಡನೇ ಸಲ ಬೇಯುತ್ತಿದೆ, ಅದಿನ್ನು ಹಿಟ್ಟೇ ಎಂದುಕೊಂಡೆ.

"ಕೂದಲು ಯಾಕೆ ಕತ್ತರಿಸಿದೆ?" ಎಂದು ಕೇಳಿದ ಅಳಿಯ.

"ಗಿಡಕ್ಕೆಲ್ಲ ಸಿಕ್ಕಿಕೊಳ್ತಿತ್ತು."

ಅವನು ತಲೆ ಆಡಿಸಿದ. ಅವಳು ಶಾಲೆಗೆ ಹೋಗುವಾಗ ಜಡೆ ಹಾಕುತ್ತಿದ್ದವನು ಅವನೇ. ಮಗಳು ಅಂಗಡಿಯ ಗಲ್ಲಾದಲ್ಲಿರುತ್ತಿದ್ದಳು. ಇವನು ಬ್ರೆಡ್ಡಿಗೆ ಹೆಣೆದ ಕೈಯಲ್ಲೇ ಬನ್ನುವಿನ ತಲೆಗೂ ಹೆಣೆಯುವನು. ಕಿವಿಯ ಹಿಂದೆ ಮೈದಾ ಮೆತ್ತಿಕೊಂಡೇ ಹುಡುಗಿ ಶಾಲೆಗೆ ಹೋಗುತ್ತಿದ್ದಳು. ಅವಳು ಸುಮ್ಮನೆ ನಿಂತವಳೂ ಅಲ್ಲ. ಜಡೆ ಹಾಕಿಸಿಕೊಳ್ಳುತ್ತಲೇ ಸ್ಟೂಲಿನ ಮೇಲೆ ನಿಂತು, ಸಾಲಾಗಿಟ್ಟ ಬ್ರೆಡ್ಡುಗಳಿಗೆಲ್ಲ ಬ್ರಷ್ಷಿನಲ್ಲಿ ಮೊಟ್ಟೆ ಬಳಿಯುವಳು. ಅದು ಅವಳದೇ ಕೆಲಸ, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನನಗೆ ಎಲ್ಲ ನೆನಪಿದೆ.

ಹಿಟ್ಟು ಉಬ್ಬಿತು. ಅಳಿಯ ಮೂರು ಎಳೆ ಮಾಡಿ ಹೆಣೆದ. ಇನ್ನಷ್ಟು ಹೊತ್ತು ಬಿಟ್ಟು, ಭಟ್ಟಿಯ ಬಾಗಿಲು ತೆರೆಯಲು ಅತ್ತ ತಿರುಗಿದ. "ತಾ," ಎಂದು ಕೈ ಹಿಂದಕ್ಕೆ ನೀಡಿದ.

ಬ್ರೆಡ್ಡಿನ ತಟ್ಟೆ ಬರಲಿಲ್ಲ. ತಿರುಗಿ ನೋಡಿದ. ನಾನೂ ನೋಡಿದೆ.

ಬೆಳಗಿನ ಮೊಟ್ಟೆಯ ಬಟ್ಟಲು ಮೇಜಿನ ಬಲಗಡೆ, ಎಂದೂ ಇರುವ ಜಾಗದಲ್ಲೇ ಇತ್ತು. ಗಡಿಬಿಡಿಯಲ್ಲಿ ಯಾರೂ ತೊಳೆದಿರಲಿಲ್ಲ. ಬನ್ನುವಿನ ಎಡಗೈ ತಟ್ಟೆಯ ಅಂಚು ಹಿಡಿದಿತ್ತು. ಬಲಗೈಯಲ್ಲಿ ಬ್ರಷ್ ಇತ್ತು. ಬಟ್ಟಲಲ್ಲಿ ಅದ್ದಿ, ಅಂಚಿಗೆ ಒಮ್ಮೆ ಒರೆಸಿ, ಬ್ರೆಡ್ಡಿನ ಮೇಲೆ ತಂದಿದ್ದಳು. ಕಣ್ಣು ಎತ್ತಲೋ ಇತ್ತು.

"ಬನ್ನು," ಎಂದ ಅಳಿಯ. ಮೆಲ್ಲಗೆ.

ಅವಳು ಕೆಳಗೆ ನೋಡಿದಳು. ತನ್ನ ಕೈ ಬೇರೆ ಯಾರದೋ ಎಂಬಂತೆ ನೋಡಿದಳು. ಬ್ರಷ್ಷಿನ ತುದಿಯಲ್ಲಿ ಹಳದಿ ಹನಿ ದಪ್ಪಗಾಗುತ್ತಿತ್ತು. ತಟಕ್ಕನೆ ಕೈ ಪಕ್ಕಕ್ಕೆ ಸರಿಸಿದಳು. ಹನಿ ಮೇಜಿನ ಮೇಲೆ ಬಿತ್ತು.

ಅಳಿಯ ನಗಲಿಲ್ಲ. ಆ ದಿನ ಅವನು ನಕ್ಕಿದ್ದರೆ ನಾನೇ ಎದ್ದು ಎರಡು ಬಿಡುತ್ತಿದ್ದೆ. ಅವನು ಬಟ್ಟಲು ತೆಗೆದುಕೊಂಡು ಹೋಗಿ ತೊಟ್ಟಿಯಲ್ಲಿ ಚೆಲ್ಲಿ, ನಲ್ಲಿ ಬಿಟ್ಟ. ಅವಳು ಹನಿಯನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

"ಥೂ," ಎಂದಳು. "ಎಷ್ಟು ವರ್ಷ ಆಯ್ತು ನಾನು ಇದನ್ನ ಮುಟ್ಟಿ."

"ಹ್ಞೂಂ," ಎಂದ ಅಳಿಯ.

ಬ್ರೆಡ್ ಹೊರಬಂದಾಗ ಬೀದಿದೀಪ ಹತ್ತಿತ್ತು. ಬ್ರೆಡ್ಡು ಬೆಳ್ಳಗೆ, ಮಂಕಾಗಿ, ನಿದ್ದೆಯಿಂದ ಎದ್ದು ಮುಖ ತೊಳೆಯದವರ ಹಾಗಿತ್ತು. ಮೇಲೆ ತೆಗೆದುಕೊಂಡು ಹೋದೆವು. ದರ್ಜಿಯಕ್ಕನ ಕುರ್ಚಿ ಖಾಲಿ. ಕಾದು ಕಾದು, "ಹಸಿದವರಿಗೆ ಹರಿಕಥೆ" ಎಂದು ಗೊಣಗಿ, ಡಬ್ಬ ಸಮೇತ ಇಳಿದು ಹೋಗಿದ್ದಳಂತೆ. ಕಾಳು ನಾನೆಂದುಕೊಂಡ ಹಾಗೆ ಅಂಟಾಗಿತ್ತು. ಕುಂಬಳಕಾಯಿ ಪೂರ್ತಿ ಕುಸಿದು ತಾನೂ ಕುಂಬಳಕಾಯಿ ಎಂಬುದನ್ನು ಮರೆತಿತ್ತು. ಸಾರಿನ ಮೇಲೆ ಕೆನೆಯ ಗಸಿ ತೇಲುತ್ತಿತ್ತು. ನಾಲ್ವರೂ ಕೂತು ತಿಂದೆವು. ಬನ್ನು ಏನನ್ನೂ ಕೇಳದೆ ಎಲ್ಲದರಿಂದ ಬಡಿಸಿಕೊಂಡಳು. ಆದರೆ ಅಮ್ಮ ಬಡಿಸಲು ಬಂದರೆ ಸೌಟು ತಾನೇ ತೆಗೆದುಕೊಳ್ಳುತ್ತಿದ್ದಳು. ಮಗಳು ಅದನ್ನು ಕಂಡೂ ಕಾಣದಂತೆ ತಲೆ ತಗ್ಗಿಸಿದ್ದಳು. ಬ್ರೆಡ್ಡನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಮುರಿದೆವು. ಮೆತ್ತಗಿತ್ತು.

ಸಂಜೆ ಬಸ್ಸು ಯಾವಾಗಲೋ ಹೋಗಿತ್ತು. ಹಾಗಾಗಿ ಉಳಿದಳೋ, ಬೇರೆಯದಕ್ಕೋ, ನಾನು ಕೇಳಲಿಲ್ಲ. ಬುಧವಾರ ಪೂರ್ತಿ ಅಮ್ಮ ಮಗಳು ಮಾತಾಡಲಿಲ್ಲ. ಹೊಳೆಯುವ ಬ್ರೆಡ್ಡನ್ನು ಅಳಿಯ ಪೇಪರಿನವನಿಗೆ ಕೊಟ್ಟ.

ಗುರುವಾರ ಬನ್ನು ಹಿತ್ತಿಲಿನಿಂದ ಬಾಣಲೆ ತಂದಳು. ಉಜ್ಜಿ ಮೈ ಬಿಟ್ಟ ಕಬ್ಬಿಣ, ನೀರಿನಲ್ಲಿ ನೆನೆದು ಇಡೀ ಕೆಂಪಗೆ ತುಕ್ಕು ಹಿಡಿದಿತ್ತು. ತುಕ್ಕು ಕೆರೆದು, ಎಳ್ಳೆಣ್ಣೆ ಸವರಿ, ಒಲೆಯ ಮೇಲೆ ಹೊಗೆ ಏಳುವವರೆಗೆ ಕಾಯಿಸಿದಳು. ಆರಿಸಿ ಮತ್ತೆ ಸವರಿದಳು, ಮತ್ತೆ ಕಾಯಿಸಿದಳು. ಮನೆಯೆಲ್ಲ ಹೊಗೆ. ನನ್ನ ಮಗಳು ಕೆಮ್ಮುತ್ತ ಬಂದು ಕಿಟಕಿ ತೆರೆದು, ಅಲ್ಲೇ ನಿಂತಳು.

"ಸಕ್ಕರೆ ನೀರಂತೆ," ಎಂದಳು ಬನ್ನು, ಬಾಣಲೆಗೆ ಹೇಳುವಂತೆ.

"ಹೇಳಿದೆ. ಇನ್ನು ಹೇಳಲ್ಲ," ಎಂದಳು ಮಗಳು. "ಅಂಚಿಗೂ ಸವರು, ಅಲ್ಲೇ ಮೊದಲು ತುಕ್ಕು ಬರೋದು."

ಹುಡುಗಿ ಅಂಚಿಗೂ ಸವರಿದಳು.

ದರ್ಜಿಯಕ್ಕ ಮಂಗಳವಾರವೇ ಹೋಗಿದ್ದಳು. ಬನ್ನು ಹೋದದ್ದು ಶುಕ್ರವಾರ, ಬೆಳಗಿನ ಬಸ್ಸಿಗೆ. ಪುದೀನದ ಕುಂಡ ಇಲ್ಲೇ ಇದೆ.